ಬದಲಾಗುವ ಮೇಷ್ಟ್ರು

ಕೆಟ್ಟದ್ದನ್ನು ಸರಿಪಡಿಸುವುದಕ್ಕಿಂತ ಬದಲಾಯಿಸುವುದು ಸುಲಭವೆಂಬ ನಂಬಿಕೆ ಮನುಷ್ಯನಿಗೆ ಎಂದು ಹುಟ್ಟಿತೋ ತಿಳಿಯದು. ಸಾರು ಕೆಟ್ಟರೆ ಅಡಿಗೆಯವನನ್ನು ಬಿಡಿಸುತ್ತೇವೆ. ಬೇಳೆ ಎಂತಹುದು, ಒಲೆ ಎಂತಹುದು ಎಂದು ನೋಡುವವರು ಕಡಮೆ. ಕಾಯಿಲೆ ವಾಸಿಯಾಗದಿದ್ದರೆ ವೈದ್ಯರನ್ನು ಬದಲಾಯಿಸುತ್ತೇವೆಯೇ ಹೊರತು ನಮ್ಮ ಊಟವನ್ನಲ್ಲ. ಈ ನಂಬಿಕೆಯನ್ನು ಅದರ ಪೂರ್ಣ ವೈಭವದಲ್ಲಿ ಕಾಣಬೇಕೆನ್ನುವವರು ಮಾತ್ರ ಸಂಬಳ ಕೊಟ್ಟು ನಡೆಸುವ ಫುಟ್‌ಬಾಲ್ ತಂಡವೊಂದನ್ನು ನೋಡಬೇಕು. ತಂಡ ಸಾಲಾಗಿ ಮೂರು ಪಂದ್ಯ ಸೋತಿತೆನ್ನಿ: ಆಡಿದ ಹನ್ನೊಂದು ಮಂದಿಯೂ ಉಳಿಯುತ್ತಾರೆ, ಅವರನ್ನು ಆರಿಸಿ ತಂದ ಯಜಮಾನರೂ ಉಳಿಯುತ್ತಾರೆ, ಮೈದಾನದ ಅಂಚಿನಲ್ಲಿ ನಿಂತು ಕೂಗುತ್ತಿದ್ದ, ಚೆಂಡನ್ನು ಒಮ್ಮೆಯೂ ಒದೆಯದ ಒಬ್ಬನೇ ಒಬ್ಬ ಗಂಟುಮೂಟೆ ಕಟ್ಟುತ್ತಾನೆ. ಅವನೇ ಕೋಚು.

ನಮ್ಮ ಕಡೆ ಇಂತಹ ತಂಡವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ಈ ನಾಲ್ಕೂ ತಾಲ್ಲೂಕುಗಳನ್ನು ಸುತ್ತಿ ಬಂದರೂ ಸಂಜೆಯ ಹೊತ್ತು ಹೆಚ್ಚಾಗಿ ಕಣ್ಣಿಗೆ ಬೀಳುವುದು ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲು. ಆದರೂ ಒಂದು ರಾತ್ರಿಯ ಬಸ್ಸಿನ ದೂರದಲ್ಲಿರುವ ಬೆಂಗಳೂರು ಎಫ್.ಸಿ.ಯನ್ನು ತಮ್ಮದೇ ಎಂದುಕೊಂಡ ಹುಡುಗರು ಇಲ್ಲಿಯೂ ಅಲ್ಲೊಬ್ಬ ಇಲ್ಲೊಬ್ಬ ಉಂಟು. ಅವರಲ್ಲಿ ನನ್ನ ತಂಗಿಯ ಮೊಮ್ಮಗನೂ ಒಬ್ಬ. ರಜೆಗೆ ಚನ್ನಗಿರಿಗೆ ಬಂದನೆಂದರೆ ನೀಲಿ ಅಂಗಿ ತೊಟ್ಟು ಟಿ.ವಿ.ಯ ಮುಂದೆ ಕೂರುತ್ತಾನೆ. ಪಕ್ಕದಲ್ಲಿ ಕೂತು ಕೂತು ನನಗೂ ಆ ಆಟದ ರುಚಿ ಹತ್ತಿತು. ಆ ತಂಡದ ಕೋಚುಗಳ ವಂಶಾವಳಿಯೂ ಬಾಯಿಪಾಠವಾಯಿತು.

ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ಕೋಚು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮೂರು ವರ್ಷ ಇದ್ದರು. ಅಷ್ಟರಲ್ಲಿ ಎರಡು ಬಾರಿ ಐ-ಲೀಗ್ ಗೆದ್ದರು. 2016ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಆ ವರ್ಷವೇ ತಂಡ ಎ.ಎಫ್.ಸಿ. ಕಪ್ಪಿನ ಫೈನಲ್ ಮುಟ್ಟಿತು. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2018ರಲ್ಲಿ ಮುಖ್ಯ ಕೋಚಾದರು. 2018-19ರ ಇಂಡಿಯನ್ ಸೂಪರ್ ಲೀಗ್ ಕಿರೀಟ ಬೆಂಗಳೂರಿಗೆ ಬಂದಿತು. ಏಳೂವರೆ ವರ್ಷಕ್ಕೆ ಮೂವರೇ ಕೋಚುಗಳು. ಅವರಲ್ಲಿ ಮೂರನೆಯವರು ಎರಡನೆಯವರ ಬಲಗೈಯಂತಿದ್ದವರು. ಮನೆಯ ಬೀಗದ ಕೈ ಅಣ್ಣನಿಂದ ತಮ್ಮನಿಗೆ ಬಂದ ಹಾಗೆ, ಒಳಗಿನ ಪಾತ್ರೆಪಡಗ ಅಲುಗಲಿಲ್ಲ.

ಆಮೇಲೆ ಗಾಳಿ ತಿರುಗಿತು. 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಿಗೆ ಕ್ವಾದ್ರಾತ್ ಹೊರಟರು. ತಾತ್ಕಾಲಿಕವಾಗಿ ನೌಷಾದ್ ಮೂಸಾ ನಿಂತರು, ತಂಡ ಏಳನೆಯದಾಯಿತು. ಬಳಿಕ ಜರ್ಮನಿಯ ಮಾರ್ಕೊ ಪೆಝ್ಝಾಯುವೊಲಿ, ತಂಡ ಆರನೆಯದಾಯಿತು. 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್. 2023ರ ಡಿಸೆಂಬರಿನಲ್ಲಿ ಮುಂಬಯಿ ಸಿಟಿಯ ಎದುರು 4-0 ಸೋಲಾದ ಮೇಲೆ ಅವರಿಗೂ ವಿದಾಯ. ಅದೇ ತಿಂಗಳು ಸ್ಪೇನಿನ ಜೆರಾರ್ಡ್ ಸರಗೋಸಾ. ಮೂರು ವರ್ಷ ತುಂಬುವುದರೊಳಗೆ ನಾಲ್ಕು ಹೊಸ ಮುಖ! ಎಲ್ಲರ ಕೈಕೆಳಗೂ ಆಡಿದ ಸುನಿಲ್ ಛೇತ್ರಿಯವರ ತಾಳ್ಮೆಯನ್ನು ಮೆಚ್ಚಬೇಕು.

ಕ್ವಾದ್ರಾತ್ ಹೊರಟ ಕಾಲವನ್ನು ನೆನೆದರೆ ಇನ್ನೊಂದು ಮಾತು ಹೊಳೆಯುತ್ತದೆ. ಅದು ಕೊರೋನಾದ ಕಾಲ. ಆ ಋತುವೂ ಅದರ ಮುಂದಿನ ಋತುವೂ ಗೋವೆಯಲ್ಲಿ ನಡೆದವು. ಎಲ್ಲರೂ ಹೋಟೆಲಿನ ಕೋಣೆಯಲ್ಲಿ ಬಂದಿ. ಕಂಠೀರವದ ಕೂಗಿಲ್ಲ, ಮನೆಯ ಮಂದಿಯಿಲ್ಲ. ಕೊರೋನಾವನ್ನು ಕೆಲಸದಿಂದ ತೆಗೆಯಲು ಬರುವುದಿಲ್ಲ. ಆಟಗಾರರನ್ನು ಒಟ್ಟಾಗಿ ತೆಗೆದರೆ ಆಡುವವರಿಲ್ಲ. ಯಜಮಾನರು ತಮ್ಮನ್ನು ತಾವೇ ತೆಗೆದುಕೊಂಡದ್ದನ್ನು ಯಾವ ಊರಿನಲ್ಲೂ ಕಾಣೆವು. ಉಳಿಯುವವನು ಕೋಚು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ.

“ಆದರೆ ಹೊಸಬರು ಬಂದ ಕೂಡಲೆ ತಂಡ ಗೆಲ್ಲುತ್ತದಲ್ಲ ಅಜ್ಜ?” ಎಂದು ನಮ್ಮ ಹುಡುಗ ವಾದ ಹೂಡುತ್ತಾನೆ. ಗೆಲ್ಲುವುದುಂಟು. ಮಳೆ ತಡವಾದ ವರ್ಷ ನಮ್ಮ ಕಡೆ ಕತ್ತೆಗಳಿಗೆ ಮದುವೆ ಮಾಡಿಸುವುದುಂಟು. ಜಗಳೂರಿನಂತಹ ಬಯಲು ಸೀಮೆಯಲ್ಲಿ ಮಳೆಗಾಗಿ ಕಾಯುವವರ ಸಂಕಟ ಕಂಡವರು ಇದನ್ನು ನೋಡಿ ನಗಲಾರರು. ಮದುವೆಯಾಗಿ ಎಂಟು ದಿನಕ್ಕೆ ಮಳೆ ಬಂದರೆ ಪುಣ್ಯವೆಲ್ಲ ಮದುಮಕ್ಕಳಿಗೆ. ಆದರೆ ಕತ್ತೆಗಳು ಬ್ರಹ್ಮಚಾರಿಗಳಾಗಿಯೇ ಉಳಿದ ಪಕ್ಕದೂರಿನಲ್ಲೂ ಅದೇ ಮಳೆ ಬಿದ್ದಿರುತ್ತದೆ. ಅದನ್ನು ಯಾರೂ ಹೋಗಿ ನೋಡುವುದಿಲ್ಲ. ಹೋಗಿ ನೋಡಿದವರು ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್. ತಮ್ಮ ದೇಶದ ಹಲವು ವರ್ಷಗಳ ಫುಟ್‌ಬಾಲನ್ನು ಪರಿಶೀಲಿಸಿ 2011ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸೋಲಿನ ಸುಳಿಗೆ ಸಿಕ್ಕಿ ಕೋಚನ್ನು ಬದಲಾಯಿಸಿದ ತಂಡಗಳು ಚೇತರಿಸಿಕೊಂಡದ್ದು ನಿಜ. ಅಂತಹುದೇ ಸುಳಿಗೆ ಸಿಕ್ಕಿ ಬದಲಾಯಿಸದೆ ಇದ್ದ ತಂಡಗಳೂ ಅಷ್ಟೇ ಚೇತರಿಸಿಕೊಂಡಿದ್ದವು. ಪಾತಾಳ ಮುಟ್ಟಿದವನಿಗೆ ಮೇಲೆ ಬರುವುದೊಂದೇ ದಾರಿ. ಅಷ್ಟು ಹೊತ್ತಿಗೆ ಯಾರು ಅಂಚಿನಲ್ಲಿ ನಿಂತಿರುತ್ತಾರೋ ಅವರಿಗೆ ಹಾರ.

ಹಾಲೆಂಡಿಗೆ ಹೋಗದಿದ್ದರೂ ಆದೀತು. ಸಾಕ್ಷಿ ಬೆಂಗಳೂರಿನಲ್ಲೇ ಇದೆ. 2022-23ರ ಮೊದಲ ಭಾಗದಲ್ಲಿ ಗ್ರೇಸನ್ನರ ತಂಡ ಸೋತು ಸೋತು ಪಟ್ಟಿಯ ಕೆಳಕ್ಕೆ ಜಾರಿತ್ತು. ಆಗ ಅವರನ್ನು ತೆಗೆಯಲಿಲ್ಲ. ಅದೇ ತಂಡ ಲೀಗಿನ ಕೊನೆಯಲ್ಲಿ ಸತತ ಎಂಟು ಪಂದ್ಯ ಗೆದ್ದು, ಫೈನಲ್ಲಿಗೂ ಹೋಗಿ, ಪೆನಾಲ್ಟಿಯಲ್ಲಿ ಮಾತ್ರ ಸೋತಿತು. ಸರಗೋಸಾ ಬಂದ ಋತುವಿನಲ್ಲಿ ಬೆಂಗಳೂರಿಗೆ ಸಿಕ್ಕಿದ್ದು ಹನ್ನೆರಡರಲ್ಲಿ ಹತ್ತನೆಯ ಸ್ಥಾನ. ಆಗಲೂ ತಾಳಿದರು. ಮರುವರ್ಷ ತಂಡ ಲೀಗಿನಲ್ಲಿ ಮೂರನೆಯದಾಗಿ, 2025ರ ಏಪ್ರಿಲಿನಲ್ಲಿ ಫೈನಲ್ ಆಡಿತು. ತಾಳಿದ ಎರಡು ಸಲವೂ ಫಲ ಬಂದಿದೆ. ಹಾಗೆಂದು ಬದಲಾವಣೆಯೇ ಕೂಡದೆಂದು ನಾನು ಹೇಳಲಾರೆ. ಸರಗೋಸಾ ಬಂದದ್ದೂ ಒಂದು ಬದಲಾವಣೆಯಿಂದಲೇ. ಬದಲಾಯಿಸಿದ ಮೇಲೆ ಕಾಯಲಾರದವರು ಬದಲಾಯಿಸಬಾರದು, ಅಷ್ಟೆ.

ಕಾಯುವುದೆಂದರೇನೆಂದು ಚನ್ನಗಿರಿಯ ಜನಕ್ಕೆ ಪಾಠ ಹೇಳಬೇಕಾಗಿಲ್ಲ. ಅಡಿಕೆ ಸಸಿ ಇಟ್ಟವನು ಐದಾರು ವರ್ಷ ಗೊನೆಯ ಮುಖ ಕಾಣುವುದಿಲ್ಲ. ಈ ವರ್ಷ ಒಬ್ಬ ಆಳು ಬಂದು ಬಸಿಗಾಲುವೆ ತೆಗೆದ. ಮುಂದಿನ ವರ್ಷ ಇನ್ನೊಬ್ಬ ಬಂದು ಅದನ್ನು ಮುಚ್ಚಿದ. ಮೂರನೆಯವನು ಸಸಿಯನ್ನೇ ಕಿತ್ತು ಬೇರೆ ಕಡೆ ನೆಟ್ಟ. ಮೂವರೂ ಬಲ್ಲವರೇ ಇರಬಹುದು. ಆದರೂ ಸಸಿ ಸಾಯುತ್ತದೆ.

ಇದು ಉಪಮಾನದ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ನಮ್ಮ ಹುಡುಗ ಓದುವುದು ಹೊನ್ನಾಳಿಯ ಕಡೆಯ ಒಂದು ಶಾಲೆಯಲ್ಲಿ. ಎರಡು ವರ್ಷದೊಳಗೆ ಅಲ್ಲಿಗೆ ಮೂವರು ಪಿ.ಟಿ. ಮೇಷ್ಟ್ರು ಬಂದರು. ಮೊದಲನೆಯವರು ಇವನ ಎತ್ತರ ನೋಡಿ ಗೋಲಿನ ಮುಂದೆ ಕಾವಲಿಗೆ ನಿಲ್ಲಿಸಿದರು. ಎದುರಾಳಿಯ ಕಾಲನ್ನಲ್ಲ, ಚೆಂಡನ್ನು ನೋಡು ಎಂದು ಕಲಿಸಿದರು. ಎಂಟು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಎರಡನೆಯವರು ಇವನ ಓಟ ನೋಡಿ, “ನೀನು ಹಿಂದೆ ನಿಲ್ಲುವವನಲ್ಲ” ಎಂದು ಮುಂದಕ್ಕೆ ಕಳಿಸಿದರು. ಕಾಲು ಆ ಪಾಠಕ್ಕೆ ಒಗ್ಗುವಷ್ಟರಲ್ಲಿ ಅವರೂ ಹೊರಟರು. ಮೂರನೆಯವರಿಗೆ ಖೋ ಖೋ ಮೇಲೆ ಪ್ರೀತಿ. ಮೂವರೂ ಒಳ್ಳೆಯವರು, ಮಕ್ಕಳ ಮೇಲೆ ಕೈ ಮಾಡಿದವರಲ್ಲ. ಆದರೂ ಕಳೆದ ರಜೆಯಲ್ಲಿ ಹುಡುಗ, “ಅಜ್ಜ, ನಾನು ಯಾವ ಜಾಗದ ಆಟಗಾರ?” ಎಂದು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಅವನಿಗೀಗ ಹದಿನಾಲ್ಕು. ಯಜಮಾನರಿಗೆ ಒಂದು ಋತು ಹೋದರೆ ಇನ್ನೊಂದು ಬಂದೀತು. ಹದಿನಾಲ್ಕನೆಯ ವರ್ಷ ಎರಡು ಸಲ ಬರುವುದಿಲ್ಲ.

ಮುಖ್ಯಸ್ಥರು ಬದಲಾಗುವುದು ನಮ್ಮ ಸೀಮೆಗೆ ಹೊಸದೇನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯನ್ನು ಬಿಟ್ಟು ಬಂದವು, ಜಗಳೂರು ಚಿತ್ರದುರ್ಗವನ್ನು ಬಿಟ್ಟು ಬಂದಿತು. ಆಮೇಲೆ ಹೊನ್ನಾಳಿಯಿಂದ ಸಿಡಿದು ನ್ಯಾಮತಿ ಬೇರೆ ತಾಲ್ಲೂಕಾಯಿತು. ಬೋರ್ಡುಗಳ ಮೇಲೆ ಹೊಸ ಬಣ್ಣ ಬಂದಿತು. ನ್ಯಾಮತಿಯ ರೈತ ಮಾತ್ರ ಅದೇ ಹೊಲವನ್ನು ಅದೇ ಹದ ನೋಡಿ ಉಳುತ್ತಾನೆ. ಮೇಲಿನ ಹೆಸರು ಬದಲಾದರೂ ಕೆಳಗಿನ ಕೆಲಸ ಕೆಡದೆ ನಡೆಯುವುದು ಹೀಗೆ, ಕೆಲಸ ಬಲ್ಲವನನ್ನು ಅವನ ಪಾಡಿಗೆ ಬಿಟ್ಟಾಗ.

ಬಿಟ್ಟರೆ ಏನಾದೀತೆಂಬುದಕ್ಕೆ ನಮ್ಮ ದೇಶದ್ದೇ ಒಂದು ಹಳೆಯ ಕತೆಯುಂಟು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲೆಯ ಮೇಷ್ಟ್ರಾಗಿದ್ದವರು. ಅವರ ಮಾರ್ಗದರ್ಶನದಲ್ಲಿ ಭಾರತ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು 10-1ರ ಸೋಲು! ಇಂದಾಗಿದ್ದರೆ ವಿಮಾನ ಇಳಿಯುವ ಮೊದಲೇ ಹೊಸ ಕೋಚಿನ ಹೆಸರು ಪತ್ರಿಕೆಯಲ್ಲಿ ಬಂದಿರುತ್ತಿತ್ತು. ಅಂದು ಆ ಒಂದು ಸೋಲಿಗಾಗಿ ರಹೀಮರ ಹೆಸರಿಗೆ ಗೀಟು ಎಳೆಯಲಿಲ್ಲ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಿತು. 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ ಗೆದ್ದಿತು. ಎರಡು ಸಲವೂ ತಂಡದ ಹಿಂದೆ ಅದೇ ರಹೀಮ್ ಸಾಹೇಬರು. ಮರುವರ್ಷ ಅವರು ತೀರಿಕೊಂಡರು. ಅಂತಹ ಎತ್ತರವನ್ನು ನಮ್ಮ ಫುಟ್‌ಬಾಲು ಇಂದಿಗೂ ಮತ್ತೆ ಕಂಡಿಲ್ಲ.

ಹೊಸ ಕೋಚು ಬಂದ ದಿನ ಶಾಲು ಹೊದಿಸುತ್ತಾರೆ, ಚಿತ್ರ ತೆಗೆಯುತ್ತಾರೆ, ಎಷ್ಟು ಕಪ್ಪು ಗೆಲ್ಲುವಿರಿ ಎಂದು ಕೇಳುತ್ತಾರೆ. ನನ್ನನ್ನು ಕೇಳಿದರೆ ಪ್ರಶ್ನೆಯನ್ನು ಯಜಮಾನರ ಕಡೆಗೆ ತಿರುಗಿಸಬೇಕು: “ಸ್ವಾಮಿ, ಎಷ್ಟು ಸೋಲನ್ನು ತಾಳುವಿರಿ?” ಎಂದು. ಅವರು ಸಂಖ್ಯೆ ಹೇಳಿದ ಮೇಲೆಯೇ ಶಾಲು ಹೊದಿಸುವುದು ಕ್ಷೇಮ.