ಬೆಳಗಿನ ನಾಲ್ಕು ಗಂಟೆಗೆ ನಾಗಪುರಕ್ಕೆ



ಅವ್ವನನ್ನು ಕಾರಲ್ಲಿ ದೀಕ್ಷಾಭೂಮಿಗೆ ಕರ್ಕೊಂಡು ಹೋಗಿ ಬಂದ ಫೋಟೋ ಹಾಕಿದ ಮೇಲೆ ಸುಮಾರು ಜನ ಇನ್‌ಬಾಕ್ಸಿಗೆ ಬಂದು ಒಂದೇ ಪ್ರಶ್ನೆ ಕೇಳಿದ್ರು. "ಅಣ್ಣ, ಬೆಂಗಳೂರಿಂದ ನಾಗಪುರ ಸಾವಿರದ ಮೇಲೆ ಕಿಲೋಮೀಟರ್ ಆಗುತ್ತೆ. ವಯಸ್ಸಾದವರನ್ನ ಕೂರಿಸಿಕೊಂಡು ಹೆಂಗೆ ಹೋದ್ರಿ? ಟ್ರಾಫಿಕ್ ಹೆಂಗಿತ್ತು?" ನಮ್ಮ ಜನ ಈಗ ಕಾರು ತಗೋತಿದಾರೆ, ಸೆಕೆಂಡ್ ಹ್ಯಾಂಡೋ ಸಾಲದ್ದೋ, ಅಂತೂ ತಗೋತಿದಾರೆ. ಅಪ್ಪ ಅವ್ವನಿಗೆ ಬಾಬಾಸಾಹೇಬರ ನೆಲ ತೋರಿಸಬೇಕು ಅನ್ನೋ ಆಸೆ ಎಲ್ಲರಿಗೂ ಇದೆ. ಅದಕ್ಕೇ ಒಂದೊಂದಾಗಿ ಉತ್ತರ ಕೊಡೋ ಬದಲು ಇಲ್ಲೇ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಮೊದಲಿಗೆ ದಿನದ ವಿಷಯ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದ ಜಾಗ ಅದು. ಪ್ರತಿವರ್ಷ ವಿಜಯದಶಮಿಗೆ ಅಲ್ಲಿ ಜನಸಾಗರ. ಕೈಕಾಲು ಗಟ್ಟಿ ಇರೋರು ಆ ದಿನವೇ ಹೋಗಿ, ಜೀವನದಲ್ಲಿ ಒಂದ್ಸಲ ಆ ಜನಸಾಗರವನ್ನ ನೋಡಲೇಬೇಕು. ಆದ್ರೆ ನಮ್ಮವ್ವನಿಗೆ ಎಪ್ಪತ್ತೆರಡು. ಎರಡೂ ಮಂಡಿ ಹೋಗಿವೆ, ಸಕ್ಕರೆ ಕಾಯಿಲೆ ಇದೆ, ಗಂಟೆಗೊಂದ್ಸಲ ಗಾಡಿ ನಿಲ್ಲಿಸಬೇಕು. ಅಂಥವರನ್ನ ಆ ನೂಕುನುಗ್ಗಲಿಗೆ ಕರ್ಕೊಂಡು ಹೋದ್ರೆ ಸ್ತೂಪದ ಹತ್ತಿರಕ್ಕೂ ಹೋಗೋಕಾಗಲ್ಲ. ನಾವು ನವೆಂಬರಲ್ಲಿ, ಹಬ್ಬದ ಗದ್ದಲ ಎಲ್ಲ ಮುಗಿದ ಮೇಲೆ, ಗುರುವಾರ ಹೊರಟು ಭಾನುವಾರ ವಾಪಸ್ ಬರೋ ಹಾಗೆ ಹೋದ್ವಿ. ಕಾರಲ್ಲಿ ಐದು ಜನ: ಅವ್ವ, ನಾನು, ತಮ್ಮ, ತಮ್ಮನ ಹೆಂಡತಿ, ನನ್ನ ಮಗಳು.

ಟ್ರಾಫಿಕ್ ಲೆಕ್ಕ ಹಾಕಿದ್ದು ತಮ್ಮ. ಅವನು ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ. ಅವನ ಪ್ರಕಾರ ಉದ್ದದ ದಾರಿಯಲ್ಲಿ ಹೊರಡೋ ಟೈಮ್ ಒಂದನ್ನೇ ನೋಡಿದ್ರೆ ಕೆಟ್ವಿ. ದಾರಿಯಲ್ಲಿ ಎಷ್ಟು ದೊಡ್ಡ ಊರು ಸಿಗ್ತವೆ, ಒಂದೊಂದನ್ನ ಎಷ್ಟು ಹೊತ್ತಿಗೆ ದಾಟ್ತೀವಿ ಅಂತ ಚೀಟಿಯಲ್ಲಿ ಬರ್ಕೋಬೇಕು. ಬೆಳಗ್ಗೆ 8ರಿಂದ 11, ಸಂಜೆ 5ರಿಂದ 9, ಈ ಎರಡು ಹೊತ್ತಲ್ಲಿ ಯಾವ ದೊಡ್ಡ ಊರಿನ ಬಾಗಿಲಲ್ಲೂ ನಾವಿರಬಾರದು. ಆ ಹೊತ್ತಲ್ಲಿ ಬಯಲಲ್ಲಿರಬೇಕು, ಇಲ್ಲಾ ಊಟಕ್ಕೆ ಕೂತಿರಬೇಕು.

ನಾವು ಹೋದದ್ದು ರಾಷ್ಟ್ರೀಯ ಹೆದ್ದಾರಿ 44ರಲ್ಲಿ. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗೋ ರೋಡು ಇದೇ. ಬೆಂಗಳೂರಿಂದ ಹೈದರಾಬಾದಿಗೆ ಸುಮಾರು 570 ಕಿಲೋಮೀಟರ್, ಅಲ್ಲಿಂದ ನಾಗಪುರಕ್ಕೆ ಸುಮಾರು 500. ದಾರಿಯಲ್ಲಿ ನಿಜವಾದ ತಲೆನೋವು ಮೂರೇ: ಬೆಂಗಳೂರಿನ ಹೆಬ್ಬಾಳ, ಹೈದರಾಬಾದ್, ನಾಗಪುರ. ಅನಂತಪುರ, ಕರ್ನೂಲು, ನಿಜಾಮಾಬಾದ್ ಕಡೆಯೆಲ್ಲಾ ಹೆದ್ದಾರಿ ಊರಿನ ಹೊರಗೇ ಹೋಗುತ್ತೆ.

ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಟ್ವಿ. ನಾಲ್ಕೂವರೆಗೆ ಹೆಬ್ಬಾಳ ದಾಟಿತು. ಚಿಕ್ಕಬಳ್ಳಾಪುರದ ಹತ್ತಿರ ಮಂಜು ಇತ್ತು, ನಿಧಾನ ಹೋದ್ವಿ. ಬಾಗೇಪಲ್ಲಿ ದಾಟಿ ಆಂಧ್ರ ಹೊಕ್ಕು, ಪೆನುಕೊಂಡ ಹತ್ತಿರ ತಿಂಡಿ. ಅನಂತಪುರ ಎಂಟು ಗಂಟೆ ಚಿಲ್ಲರೆ. ಹತ್ತೂವರೆಗೆ ಕರ್ನೂಲು, ತುಂಗಭದ್ರೆ ದಾಟಿದ್ರೆ ತೆಲಂಗಾಣ. ಊಟ ಮುಗಿಸಿ ಒಂದೂವರೆ ಹೊತ್ತಿಗೆ ಶಂಷಾಬಾದಲ್ಲಿ ಹೈದರಾಬಾದಿನ ಔಟರ್ ರಿಂಗ್ ರೋಡ್ ಹತ್ತಿದ್ವಿ. ಆ ರಿಂಗ್ ರೋಡ್ ಒಟ್ಟು 158 ಕಿಲೋಮೀಟರ್. ನಮಗೆ ಬೇಕಾದ್ದು ಮೇಡ್ಚಲ್ ಕಡೆಗಿನ ಅರ್ಧ ಮಾತ್ರ. ಗಚ್ಚಿಬೌಲಿ ಕಡೆಯ ಐಟಿ ಕಚೇರಿಗಳು ಬಿಡೋದರೊಳಗೆ ಅದನ್ನ ದಾಟಬೇಕು ಅಂತ ತಮ್ಮ ಹಟ ಹಿಡಿದಿದ್ದ, ದಾಟಿಸಿದ. ಕಾಮಾರೆಡ್ಡಿಯಲ್ಲಿ ಚಹಾ, ಕತ್ತಲಾಗೋ ಹೊತ್ತಿಗೆ ನಿರ್ಮಲ್‌. ಅವತ್ತು ಅಲ್ಲೇ ಉಳಿದ್ವಿ. ಮಾರನೇ ದಿನ ಆದಿಲಾಬಾದ್ ಮೇಲೆ ಪೆನ್‌ಗಂಗಾ ದಾಟಿ ಮಹಾರಾಷ್ಟ್ರ. ಅಲ್ಲಿ ಬೇಕಂತಲೇ ಆರೂವರೆಗೆ ಹೊರಟ್ವಿ. ಯಾಕಂದ್ರೆ ನಾಲ್ಕಕ್ಕೆ ಹೊರಟ್ರೆ ನಾಗಪುರದ ಆಫೀಸ್ ಟೈಮಿಗೆ ಸರಿಯಾಗಿ ಹೋಗಿ ಸಿಕ್ಕಾಕ್ಕೋತೀವಿ. ಹಿಂಗಣಘಾಟ್ ದಾಟಿ ಮಧ್ಯಾಹ್ನ ಹನ್ನೆರಡಕ್ಕೆ ಊರೊಳಗೆ ಆರಾಮಾಗಿ ಹೋದ್ವಿ.

ಒಂದು ಎಚ್ಚರಿಕೆ. "ರಾತ್ರಿ ಹನ್ನೆರಡಕ್ಕೇ ಹೊರಟ್ಬಿಡಿ, ರೋಡ್ ಖಾಲಿ ಇರುತ್ತೆ" ಅನ್ನೋರು ತುಂಬಾ ಜನ. ದಯವಿಟ್ಟು ಬೇಡ. ಎರಡರಿಂದ ಐದು ಗಂಟೆ ಒಳಗೆ ಮೈ ನಿದ್ದೆ ಕೇಳುತ್ತೆ, ಅಭ್ಯಾಸ ಇರೋ ಡ್ರೈವರಿಗೂ ಕಣ್ಣು ಎಳೆಯುತ್ತೆ. ರೋಡಿನ ಪಕ್ಕ ಲೈಟ್ ಇಲ್ಲದೆ ನಿಂತ ಲಾರಿಗೆ ಕಾರು ಹೋಗಿ ಗುದ್ದೋ ಸುದ್ದಿ ಓದ್ತೀವಲ್ಲ, ಬಹಳಷ್ಟು ಈ ಹೊತ್ತಿನವೇ. ನಮ್ಮ ತಮ್ಮ ಹಿಂದಿನ ದಿನ ಟ್ರಿಪ್ ತಗೊಳ್ಳದೆ ಸಂಜೆ ಏಳಕ್ಕೇ ಊಟ ಮಾಡಿ ಮಲಗಿದ್ದ. ಎಂಟು ಗಂಟೆ ನಿದ್ದೆ ಆದ ಮೇಲೇ ನಾಲ್ಕಕ್ಕೆ ಸ್ಟೇರಿಂಗ್ ಹಿಡಿದದ್ದು. ಒಂದು ದಿನದ ಆದಾಯ ಹೋಯ್ತು. ಅದನ್ನೂ ಪ್ರಯಾಣದ ಖರ್ಚಲ್ಲೇ ಬರೆದುಕೊಳ್ಳಿ.

ಈ ಆದಾಯದ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ದಾರೀಲಿ ನನ್ನ ಮಗಳು ಕೇಳಿದ್ಲು, "ಚಿಕ್ಕಪ್ಪ, ಪೀಕ್ ಅವರ್ ಅಂದ್ರೆ ನಿಂಗೆ ಇಷ್ಟೊಂದು ಯಾಕ್ ಭಯ?" ಅವನು ನಕ್ಕ. "ಭಯ ಇಲ್ಲ ಕಣವ್ವ, ಅದೇ ನನ್ ಅನ್ನ. ಎಲ್ರೂ ತಪ್ಪಿಸ್ಕೊಂಡ್ರೆ ನಂಗೆ ಬಾಡಿಗೆ ಎಲ್ಲಿ?" ಆಫೀಸಿಗೆ ಹೋಗೋರು ಬೈಯೋ ಎರಡು ಹೊತ್ತೇ ಅವನ ಸಂಪಾದನೆ ಹೊತ್ತು. ಪೀಣ್ಯ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ ಹೆಣ್ಮಕ್ಕಳನ್ನ ನೆನೆಸ್ಕೊಳ್ಳಿ. ಹತ್ತು ನಿಮಿಷ ತಡವಾದ್ರೆ ಸಂಬಳ ಕಟ್ ಆಗೋ ಹೆಣ್ಣಿಗೆ "ಸ್ವಲ್ಪ ಬೇಗ ಬಿಡಿ, ಇಲ್ಲಾ ಲೇಟಾಗಿ ಬಿಡಿ" ಅನ್ನೋ ಸಲಹೆ ಕೊಡೋಕಾಗುತ್ತಾ? ಟ್ರಾಫಿಕ್ ತಪ್ಪಿಸಿಕೊಳ್ಳಬೇಕು ಅಂದ್ರೆ ಮೊದಲು ನಮ್ಮ ಹೊತ್ತು ನಮ್ಮ ಕೈಯಲ್ಲಿರಬೇಕು.

ಹೊತ್ತಿನ ಯಜಮಾನಿಕೆ ನಮ್ಮ ಜನಕ್ಕೆ ಯಾವತ್ತೂ ಸಣ್ಣ ವಿಷಯ ಆಗಿರಲಿಲ್ಲ. ಪೇಶ್ವೆಗಳ ಕಾಲದ ಪುಣೆಯಲ್ಲಿ ಮಹಾರ್, ಮಾಂಗ್ ಜನ ಬೆಳಗ್ಗೆ 9ರ ಮುಂಚೆ, ಮಧ್ಯಾಹ್ನ 3ರ ನಂತರ ಊರ ಬಾಗಿಲೊಳಗೆ ಇರುವಂತಿರಲಿಲ್ಲ ಅಂತ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ ಬರೆದಿದ್ದಾರೆ. ಕಾರಣ, ಆ ಹೊತ್ತಲ್ಲಿ ನೆರಳು ಉದ್ದ. ಮೇಲುಜಾತಿಯವರ ಮೇಲೆ ಬಿದ್ದು ಮೈಲಿಗೆ ಆಗುತ್ತಂತೆ. ಸೂರ್ಯನನ್ನ ನೋಡಿ ರಸ್ತೆಗಿಳಿಯಬೇಕಾದ ಜನ ನಾವು. 1924ರಲ್ಲಿ ತಿರುವಾಂಕೂರಿನ ವೈಕಂನಲ್ಲಿ ಸತ್ಯಾಗ್ರಹ ನಡೆದಿದ್ದು ಗುಡಿಯೊಳಗೆ ಹೋಗೋದಕ್ಕಲ್ಲ, ಗುಡಿ ಸುತ್ತಲಿನ ರಸ್ತೆಯಲ್ಲಿ ನಡೆಯೋದಕ್ಕೆ. ಈಗ ಅದೇ ಜನರ ಮೊಮ್ಮಕ್ಕಳು ಮೊಬೈಲಲ್ಲಿ ಮ್ಯಾಪ್ ತೆಗೆದು, ಎಷ್ಟು ಹೊತ್ತಿಗೆ ಹೊರಟರೆ ನಮಗೆ ಅನುಕೂಲ ಅಂತ ಲೆಕ್ಕ ಹಾಕ್ತಿದೀವಿ. ಇದು ಸುಮ್ಮನೆ ಬಂದದ್ದಲ್ಲ.

ಹೊರಡೋ ಹಿಂದಿನ ದಿನ ಮನೆಯಲ್ಲಿ ಒಂದು ಜಗಳ ಆಯ್ತು, ಅದನ್ನ ಮುಚ್ಚಿಡಲ್ಲ. ಕಾರಿನ ಹಿಂದಿನ ಗಾಜಿನ ಮೇಲೆ ನೀಲಿ ಅಕ್ಷರದಲ್ಲಿ "ಜೈ ಭೀಮ್" ಅಂತ ಸ್ಟಿಕ್ಕರ್ ಇದೆ. ತಮ್ಮನ ಹೆಂಡತಿ ಅಂದ್ಲು, "ಭಾವ, ಗೊತ್ತಿಲ್ದಿರೋ ಊರುಗಳು. ಅತ್ತೆಗೆ ಓಡೋಕಾಗಲ್ಲ, ನಡೆಯೋಕಾಗಲ್ಲ. ನಾಲ್ಕು ದಿನಕ್ಕೆ ಅದನ್ನ ತೆಗೆದ್ಬಿಡೋಣ." ಅವಳ ಭಯಕ್ಕೆ ಆಧಾರ ಇಲ್ಲ ಅಂತ ನಾನು ಹೆಂಗೆ ಹೇಳಲಿ? 2015ರಲ್ಲಿ ಶಿರಡಿಯಲ್ಲಿ ಮೊಬೈಲ್ ರಿಂಗ್‌ಟೋನ್ ಬಾಬಾಸಾಹೇಬರ ಹಾಡು ಅನ್ನೋ ಕಾರಣಕ್ಕೆ ಒಬ್ಬ ದಲಿತ ಹುಡುಗನನ್ನ ಕೊಂದಿದ್ರು. ವೇದಿಕೆ ಮೇಲೆ ನಿಂತು ಮಾತಾಡೋದು ಬೇರೆ, ವಯಸ್ಸಾದ ತಾಯಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಗೊತ್ತಿಲ್ಲದ ಊರಲ್ಲಿ ಗಾಡಿ ನಿಲ್ಲಿಸೋದು ಬೇರೆ. ತಮ್ಮ ಸುಮ್ಮನಿದ್ದ. ನಾನೂ ಸುಮ್ಮನಿದ್ದೆ.

ಅವ್ವ ಒಳಗಿಂದ ಕೇಳಿಸ್ಕೊಂಡ್ಲು. "ಅದ್ನ ಕಿತ್ತಾಕ್ಬುಟ್ಟು ಎಲ್ಲಿಗ್ಲಾ ಓಯ್ತೀರಿ? ಅವಯ್ಯನ್ ಮನೆಗ್ ಓಗಕ್ಕೆ ಅವಯ್ಯನ್ ಎಸ್ರೇ ಬ್ಯಾಡ್ವಾ?" ಅಂದ್ಲು. ಸ್ಟಿಕ್ಕರ್ ಉಳೀತು. ಆದ್ರೆ ಸೊಸೆ ಮಾತನ್ನೂ ಅವ್ವ ತಳ್ಳಿಹಾಕಲಿಲ್ಲ. "ಕತ್ಲಾದ್ಮೇಲೆ ಗಾಡಿ ಬ್ಯಾಡ" ಅಂದ್ಲು. ಹಗಲಿನ ಪ್ರಯಾಣ, ಸಂಜೆಯೊಳಗೆ ರೂಮು ಅನ್ನೋ ನಮ್ಮ ವೇಳಾಪಟ್ಟಿಗೆ ಟ್ರಾಫಿಕ್ ಅರ್ಧ ಕಾರಣವಾದ್ರೆ ಇದು ಇನ್ನರ್ಧ ಕಾರಣ. ದಾರಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಕಾಮಾರೆಡ್ಡಿಯಲ್ಲಿ ಚಹಾ ಕುಡೀತಿದ್ದಾಗ ಒಬ್ಬ ಲಾರಿ ಕ್ಲೀನರ್ ಹುಡುಗ ಸ್ಟಿಕ್ಕರ್ ನೋಡಿ ಹತ್ತಿರ ಬಂದು, ಅವ್ವನಿಗೆ ಕೈಮುಗಿದು "ಜೈ ಭೀಮ್" ಅಂದು ಹೋದ. ಅವ್ವ ಆ ಹುಡುಗನ ಲಾರಿ ಮರೆಯಾಗೋವರೆಗೂ ನೋಡ್ತಾ ಕೂತಿದ್ಲು.

ಊಟದ ವಿಷಯ. ಮಧ್ಯಾಹ್ನ ಒಂದರಿಂದ ಎರಡೂವರೆ ಹೆದ್ದಾರಿ ಹೋಟೆಲುಗಳಿಗೂ ಪೀಕ್ ಅವರ್. ಟೇಬಲ್ ಸಿಗೋದಕ್ಕೇ ಅರ್ಧ ಗಂಟೆ ಹೋಗುತ್ತೆ, ಅಲ್ಲಿಗೆ ನಿಮ್ಮ ಲೆಕ್ಕ ಎಲ್ಲಾ ಉಲ್ಟಾ. ನಾವು ಬುತ್ತಿ ಕಟ್ಟಿಕೊಂಡಿದ್ವಿ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಟ್ಟೆ, ಅವ್ವ ಬಿಡದೆ ತಂದ ಹುರಿದ ಒಣಮೀನು. ಕೊತ್ತಕೋಟ ಹತ್ತಿರ ಹನ್ನೆರಡಕ್ಕೇ ಬೇವಿನ ಮರದ ಕೆಳಗೆ ಜಮಖಾನ ಹಾಸಿ ಊಟ ಮುಗಿಸಿದ್ವಿ. ನೀರು ಇಪ್ಪತ್ತು ಲೀಟರ್ ಕ್ಯಾನಲ್ಲಿ ಹಿಂದೆ ಇತ್ತು.

ಆ ಕ್ಯಾನ್ ನೋಡಿ ಮಗಳಿಗೆ ಒಂದು ಕಥೆ ಹೇಳಿದೆ. ನಿಮಗೆ ಗೊತ್ತಿರೋದೇ, ಆದ್ರೂ ಮಕ್ಕಳಿಗೆ ಹೇಳ್ತಾ ಇರಿ. 1901ರಲ್ಲಿ ಬಾಲಕ ಭೀಮರಾಯ, ಅವರ ಅಣ್ಣ, ಅಕ್ಕನ ಮಕ್ಕಳು ಗೋರೆಗಾಂವಲ್ಲಿದ್ದ ತಂದೆಯನ್ನ ನೋಡೋಕೆ ಹೊರಟ್ರು. ಮಸೂರು ಸ್ಟೇಷನ್ನಲ್ಲಿ ಇಳಿದ್ರೆ ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಎತ್ತಿನ ಗಾಡಿಯನ್ನ ಮಕ್ಕಳೇ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ ಅನ್ನೋ ಕರಾರಿನ ಮೇಲೆ ಹೊರಟ್ರು. ರಾತ್ರಿ ಸುಂಕದ ಕಟ್ಟೆ ಹತ್ತಿರ ತಂಗಿದ್ರು. ಬುಟ್ಟಿ ತುಂಬಾ ಬುತ್ತಿ ಇತ್ತು, ಕುಡಿಯೋಕೆ ನೀರಿರಲಿಲ್ಲ. ಸುಂಕದವನನ್ನ ಕೇಳಿದ್ರೆ ಅವನೂ ಕೊಡಲಿಲ್ಲ. ನೀರಿಲ್ಲದೆ ಊಟ ಇಳಿಯಲ್ಲ. ಎದುರಿಗೆ ಅನ್ನ ಇಟ್ಕೊಂಡು ಮಕ್ಕಳು ಹಸಿದು ಮಲಗಿದ್ರು. 1934ರಲ್ಲಿ, ಅಷ್ಟು ದೊಡ್ಡ ಬ್ಯಾರಿಸ್ಟರ್ ಆದ ಮೇಲೂ, ಸಂಗಾತಿಗಳ ಜೊತೆ ಬಸ್ಸಲ್ಲಿ ದೌಲತಾಬಾದಿಗೆ ಹೋದಾಗ ಹೊಂಡದ ನೀರಲ್ಲಿ ಮುಖ ತೊಳೆದದ್ದಕ್ಕೆ ಜನ ಮುಗಿಬಿದ್ರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ.

ಮಗಳು ಏನೂ ಮಾತಾಡಲಿಲ್ಲ. ಊಟ ಆದ ಮೇಲೆ ಚಿಕ್ಕಪ್ಪನ ಕೈಯಿಂದ ಕೀ ಇಸ್ಕೊಂಡ್ಲು. ಅಲ್ಲಿಂದ ಔಟರ್ ರಿಂಗ್ ರೋಡ್ ದಾಟೋವರೆಗೂ ಅವಳೇ ಓಡಿಸಿದ್ದು. ಟೋಲ್ ಗೇಟಲ್ಲಿ ಫಾಸ್ಟ್‌ಟ್ಯಾಗ್ ಬೀಪ್ ಅನ್ನುತ್ತೆ, ಕೋಲು ಮೇಲೇಳುತ್ತೆ. ಆ ಯಂತ್ರಕ್ಕೆ ದುಡ್ಡು ಬೇಕು, ಬೇರೆ ಏನೂ ಕೇಳಲ್ಲ. ಹಾಗಂತ ಹೆದ್ದಾರಿ ಎಲ್ಲರದೂ ಆಯ್ತು ಅಂತ ನಾನು ಹೇಳಲ್ಲ. ಮದ್ದೂರು ಕಡೆಯ ನಮ್ಮೂರಿಗೆ ಹೋಗೋ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯನ್ನೇ ನೋಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರಾಕ್ಟರ್ ನಿಷೇಧ. ಅಪಘಾತ ತಪ್ಪಿಸೋಕೆ ಅಂತ ಕಾರಣ ಕೊಟ್ಟಿದ್ದಾರೆ, ಸತ್ತೋರಲ್ಲಿ ನಮ್ಮೋರೂ ಇದ್ದಾರೆ, ಹಾಗಾಗಿ ಆ ಕಾರಣವನ್ನ ಸುಳ್ಳು ಅನ್ನಲ್ಲ. ಆದ್ರೆ ಕೂಲಿಗೆ ಹೋಗೋರ ಗಾಡಿಗಳೆಲ್ಲ ಸರ್ವಿಸ್ ರೋಡಿಗೆ ಇಳಿದಾಗ, ಆ ಸರ್ವಿಸ್ ರೋಡು ಹೆಂಗಿದೆ ಅಂತ ಕೇಳೋದು ನಮ್ಮ ಕೆಲಸ.

ದೀಕ್ಷಾಭೂಮಿಯಲ್ಲಿ ಶುಕ್ರವಾರ ಮಧ್ಯಾಹ್ನ ಜನ ಕಡಿಮೆ ಇದ್ರು. ಅವ್ವ ಕೋಲೂರಿಕೊಂಡು, ಮೊಮ್ಮಗಳ ಭುಜ ಹಿಡ್ಕೊಂಡು, ಯಾರ ನೂಕಾಟವೂ ಇಲ್ಲದೆ ಸ್ತೂಪದ ಒಳಗೆ ಹೋದ್ಲು. ಅಸ್ಥಿ ಇಟ್ಟ ಜಾಗದ ಮುಂದೆ ನೆಲದ ಮೇಲೆ ಕೂತ್ಲು. ಮಂಡಿ ನೋವು, ಕೂತ್ರೆ ಏಳೋಕಾಗಲ್ಲ ಅಂತ ಗೊತ್ತಿದ್ದೂ ಕೂತ್ಲು. ಅರ್ಧ ಗಂಟೆ. ನಾವು ಯಾರೂ ಎಬ್ಬಿಸಲಿಲ್ಲ. ಮೂರು ತಿಂಗಳಿಂದ ಚೀಟಿ ಬರ್ಕೊಂಡು ಹಾಕಿದ ಲೆಕ್ಕವೆಲ್ಲ ಈ ಅರ್ಧ ಗಂಟೆಗೇ ಇತ್ತು.

ವಾಪಸ್ ಬರುವಾಗ ಲೆಕ್ಕ ಸುಲಭ. ಶನಿವಾರ ಬೆಳಗ್ಗೆ ಐದಕ್ಕೆ ನಾಗಪುರ ಬಿಟ್ಟು, ಮಧ್ಯಾಹ್ನವೇ ಹೈದರಾಬಾದ್ ದಾಟಿ, ಸಂಜೆಗೆ ಮುಂಚೆ ಜಡ್ಚರ್ಲಾದಲ್ಲಿ ಉಳಿದ್ವಿ. ಭಾನುವಾರ ಸಂಜೆ ನಂದಿಬೆಟ್ಟ, ಲೇಪಾಕ್ಷಿ ನೋಡಿ ವಾಪಸಾಗೋ ಕಾರುಗಳೆಲ್ಲ ಬೆಂಗಳೂರಿಗೆ ಒಟ್ಟಿಗೇ ನುಗ್ತವೆ. ಅದಕ್ಕೆ ಬೆಳಗ್ಗೆ ಐದಕ್ಕೇ ಹೊರಟು, ಎರಡೂವರೆ ಒಳಗೆ ಹೆಬ್ಬಾಳ ದಾಟಿದ್ವಿ. ಸೋಮವಾರ ತಮ್ಮ ಮತ್ತೆ ಪೀಕ್ ಅವರ್‌ಗೆ ಗಾಡಿ ತೆಗೆದ.

ಕೊನೆಗೆ ಒಂದು ಕೋರಿಕೆ. ನಮ್ಮವ್ವ ಇಪ್ಪತ್ತೆಂಟು ವರ್ಷ ಬೆಂಗಳೂರಲ್ಲಿ ಪೌರಕಾರ್ಮಿಕಳಾಗಿದ್ದೋಳು. ಆರೂವರೆ ಹಾಜರಿಗೆ ಕತ್ತಲಲ್ಲೇ ಮನೆ ಬಿಡ್ತಿದ್ಲು. ಹೊರಟ ದಿನ ಖಾಲಿ ರೋಡಲ್ಲಿ ತಮ್ಮ ಸ್ಪೀಡ್ ಏರಿಸಿದಾಗ ಅವ್ವ ಒಂದೇ ಮಾತು ಅಂದಿದ್ಲು: "ಮೆಲ್ಲಗ್ ಓಡ್ಸ್ಲಾ, ಕೆಲ್ಸಕ್ ಓಗೋ ಎಣ್ಮಕ್ಳು ರೋಡ್ ದಾಟ್ತಿರ್ತವೆ." ನೀವೂ ನಾಲ್ಕಕ್ಕೋ ಐದಕ್ಕೋ ಹೊರಟಾಗ ನೆನಪಿಟ್ಕೊಳ್ಳಿ. ಆ ಹೊತ್ತಿನ ರೋಡು ನಮಗೆ ಖಾಲಿ ಕಾಣುತ್ತೆ. ಪೊರಕೆ ಹಿಡಿದೋರು, ಹಾಲು ಹಾಕೋರು, ಮಾರ್ಕೆಟ್ಟಿಗೆ ಸೊಪ್ಪು ಹೊತ್ತೋರು ಅಲ್ಲೇ ಇರ್ತಾರೆ. ಊರು ದಾಟೋವರೆಗೂ ನಿಧಾನ ಹೋಗಿ.

ದಾರಿಯ ಬಗ್ಗೆ ಇನ್ನೇನಾದ್ರೂ ಕೇಳೋದಿದ್ರೆ ಕೇಳಿ, ತಮ್ಮನನ್ನ ಕೇಳಿ ಹೇಳ್ತೀನಿ. ಅಪ್ಪ ಅವ್ವ ಇರುವಾಗಲೇ ಹೋಗಿ ಬನ್ನಿ.

ಜೈ ಭೀಮ್.