ಬೆಳಿಗ್ಗೆ ಎಂಟೂವರೆಯ ಲೆಕ್ಕ

ದಿನಪತ್ರಿಕೆಯ ಹವಾಮಾನದ ಮೂಲೆಯನ್ನು ಓದುವವರಲ್ಲಿ ಎರಡು ಪಂಗಡ. ಹಪ್ಪಳ ಒಣಗಿಸಬೇಕಾದವರದು ಒಂದು, ಕೆಲಸದಿಂದ ನಿವೃತ್ತರಾದವರದು ಇನ್ನೊಂದು. ಮೊದಲಿನವರಿಗೆ ಈ ಹೊತ್ತಿನ ಬಿಸಿಲು ಸಾಕು. ಎರಡನೆಯವರಿಗೆ ಅಷ್ಟರಿಂದ ತೃಪ್ತಿಯಿಲ್ಲ. ಇದೇ ತಾರೀಖಿನಲ್ಲಿ ಹಿಂದೆ ಯಾವ ವರ್ಷ ಎಷ್ಟು ಸುರಿದಿತ್ತು, ಎಷ್ಟು ಸುಟ್ಟಿತ್ತು ಎಂಬುದೂ ಬೇಕು.

ಬೆಂಗಳೂರಿನ ತಗ್ಗಿನ ಬಡಾವಣೆಯೊಂದರಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ಈ ಎರಡನೆಯ ಪಂಗಡದವರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿದವರಾದುದರಿಂದ ಅಂಕಿಯಿಲ್ಲದ ಮಾತನ್ನು ಅವರು ಮಾತೆಂದೇ ಎಣಿಸುವುದಿಲ್ಲ. ಅವರ ಮನೆಯಾಕೆಗೆ ಅಂಕಿಯ ಗೊಡವೆಯಿಲ್ಲ. ಆಕೆಯ ಕಾಲಗಣನೆಯೆಲ್ಲ ಹಬ್ಬ, ಹುಣ್ಣಿಮೆ, ಬಾಣಂತನಗಳಿಂದ ನಡೆಯತಕ್ಕದ್ದು. ಇಂತಹ ಇಬ್ಬರ ನಡುವೆ ಒಂದು ಮಳೆಯ ವಿಷಯವಾಗಿ ಇಪ್ಪತ್ತೈದು ವರ್ಷಗಳ ವ್ಯಾಜ್ಯವಿತ್ತು.

1997ರ ಪಿತೃಪಕ್ಷದಲ್ಲಿ ಗೃಹಸ್ಥರು ತಪಾಸಣೆಯ ಕೆಲಸದ ಮೇಲೆ ಶಿವಮೊಗ್ಗೆಗೆ ಹೋಗಿದ್ದರು. ಮನೆಯಲ್ಲಿದ್ದವರು ಹೆಂಡತಿ, ಎದ್ದು ನಡೆಯಲಾರದ ಮುದಿತಾಯಿ ಮತ್ತು ಹತ್ತು ವರ್ಷದ ಮಗ. ಮಹಾಲಯ ಅಮಾವಾಸ್ಯೆಯ ಹಿಂದಿನ ರಾತ್ರಿ ಮಳೆ ಹಿಡಿಯಿತು. ರಾಜಕಾಲುವೆ ಉಕ್ಕಿ, ಬೀದಿಯ ನೀರು ಹೊಸ್ತಿಲು ದಾಟಿ ನಡುಮನೆಗೆ ಬಂದಿತು. ಗೃಹಸ್ಥರು ಮರುದಿನ ಮಧ್ಯಾಹ್ನ ತರ್ಪಣದ ಹೊತ್ತಿಗೆ ಬಂದಿಳಿದಾಗ ನೀರೇನೋ ಇಳಿದಿತ್ತು. ಆದರೆ ಮಂಚದ ಕೆಳಗಿನ ಟ್ರಂಕು ತೋಯ್ದು ಮುದ್ದೆಯಾಗಿತ್ತು. ಅದರೊಳಗೆ ಅವರ ತಂದೆ ಕೈಯಾರೆ ಬರೆದಿಟ್ಟ ದಿನಚರಿಗಳಿದ್ದವು.

"ಮಳೆ ಯಾವ ಊರಲ್ಲಿ ಬರೋದಿಲ್ಲ? ಒಂದು ಟ್ರಂಕು ಎತ್ತಿಡೋದಕ್ಕೆ ಎಷ್ಟು ಹೊತ್ತು ಬೇಕಿತ್ತು?" ಎಂದರು. ತಂದೆಗೆ ಎಳ್ಳುನೀರು ಬಿಡಬೇಕಾದ ದಿನವೇ ಆಡಿದ ಮಾತು ಅದು.

"ಅತ್ತೆಯವರನ್ನ ಎತ್ತಿ ಮೇಜಿನ ಮೇಲೆ ಕೂರಿಸ್ತಿದ್ದೆ," ಎಂದಷ್ಟೇ ಹೇಳಿ ಆಕೆ ಒಳಗೆ ಹೋದರು.

ಅಂದು ಭಾರಿ ಮಳೆಯಾಯಿತೆಂದು ಪತ್ರಿಕೆಯಲ್ಲಿ ಬಂದದ್ದನ್ನು ಗೃಹಸ್ಥರು ಓದದೆ ಇರಲಿಲ್ಲ. ಆದರೆ ಪತ್ರಿಕೆಯವರಿಗೆ ಎಲ್ಲ ಮಳೆಯೂ ಭಾರಿ ಮಳೆಯೇ ಎಂದು ಅವರ ಅಭಿಪ್ರಾಯ. ಮುಂದೆ ಪ್ರತಿ ಪಿತೃಪಕ್ಷದಲ್ಲಿಯೂ ಆ ರಾತ್ರಿಯ ಮಾತು ಬರುವುದು, "ವರ್ಷಕ್ಕೊಂದು ಗೇಣು ಆ ನೀರು ನಿನ್ನ ಬಾಯಲ್ಲಿ ಏರ್ತಾ ಇದೆ" ಎಂದು ಅವರು ನಗುವುದು, ಆಕೆ ಸುಮ್ಮನಾಗುವುದು, ಇದು ಮನೆಯ ವಾಡಿಕೆಯಾಗಿಬಿಟ್ಟಿತು. ಅವರು ನಕ್ಕಿದ್ದನ್ನು ಮಗನೂ ಕಲಿತ.

ಕಾಲೇಜಿಗೆ ಹೋಗುವ ತಂಗಿಯ ಮೊಮ್ಮಗ ಈಚೆಗೆ ಒಂದು ದಿನ ಕಂಪ್ಯೂಟರಿನಲ್ಲಿ ಬೆಂಗಳೂರಿನ ಹವಾಮಾನದ ಹಳೆಯ ದಾಖಲೆಗಳನ್ನು ತೆಗೆದು ತೋರಿಸಿದ. ಅಕ್ಟೋಬರ್ ತಿಂಗಳ ಸಾಲಿನಲ್ಲಿ, ಇಪ್ಪತ್ತನಾಲ್ಕು ಗಂಟೆಗಳ ಅತ್ಯಧಿಕ ಮಳೆ 178.9 ಮಿಲಿಮೀಟರು, 1997, ಒಂದನೆಯ ತಾರೀಖು ಎಂದಿತ್ತು. ಇಡೀ ಅಕ್ಟೋಬರಿನಲ್ಲಿ ಸರಾಸರಿ ಬೀಳುವ ಮಳೆ ಹೆಚ್ಚುಕಡಿಮೆ ಅಷ್ಟೇ. 1988ರ ಸೆಪ್ಟೆಂಬರ್ 12ರ ಮಳೆ ಇದಕ್ಕೆ ಸರಿದೊರೆಯಾಗಿ ನಿಂತಿದೆ, ಅದು 177.6.

ಗೃಹಸ್ಥರು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಮೊದಲು ಹುಟ್ಟಿದ ಭಾವ ಮಾತ್ರ, ಮನುಷ್ಯಸ್ವಭಾವವೇ ಹಾಗೆ, ಗೆಲುವಿನದು. ಆ ವರ್ಷ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 1, ಬುಧವಾರ. ಆಕೆ ಹೇಳುತ್ತಿದ್ದುದು ಹಿಂದಿನ ರಾತ್ರಿಯ ಮಳೆ. ಎಂದಮೇಲೆ ದಿನವೇ ತಪ್ಪು!

ದಿನ ತಪ್ಪಾಗಿರಲಿಲ್ಲ. ಹುಡುಗನೇ ಅದನ್ನು ಬಿಡಿಸಿ ಹೇಳಿದ. ನಮ್ಮ ದೇಶದ ಹವಾಮಾನ ಇಲಾಖೆಗೆ ದಿನವು ನಡುರಾತ್ರಿಗೆ ಮುಗಿಯುವುದಿಲ್ಲ. ಪಂಚಾಂಗದಂತೆ ಸೂರ್ಯೋದಯಕ್ಕೆ ಆರಂಭವಾಗುವುದೂ ಇಲ್ಲ. ಮಳೆಮಾಪಕದ ನೀರನ್ನು ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಹಿಂದಿನ ಬೆಳಿಗ್ಗೆ ಎಂಟೂವರೆಯಿಂದ ಅಲ್ಲಿಯವರೆಗೆ ಬಿದ್ದುದೆಲ್ಲ ಅಳೆದ ದಿನದ ಖಾತೆಗೆ ಜಮಾ. ಸೆಪ್ಟೆಂಬರ್ ಮೂವತ್ತರ ರಾತ್ರಿ ಸುರಿದದ್ದು ಅಕ್ಟೋಬರ್ ಒಂದರ ಮಳೆಯಾಗುವುದು ಹೀಗೆ. ದಿನದ ವಹಿವಾಟು ಮುಗಿದಮೇಲೆ ಬಂದ ಹಣವನ್ನು ಮರುದಿನದ ತಾರೀಖಿಗೆ ಬರೆಯುವ ಪದ್ಧತಿಯನ್ನು ಬಲ್ಲ ಬ್ಯಾಂಕಿನವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಮೈಸೂರು ಸಂಸ್ಥಾನದ ಕಾಲದಲ್ಲಿ, 1890ರ ದಶಕದಲ್ಲಿ, ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಈ ಊರಿನ ಮಳೆಯ ಲೆಕ್ಕ ಕ್ರಮವಾಗಿ ಪ್ರಕಟವಾಗತೊಡಗಿತು. ಇಂದೂ ಅರಮನೆ ರಸ್ತೆಯ ವೀಕ್ಷಣಾಲಯದ ಆವರಣದಲ್ಲಿ ಅದು ಮುಂದುವರಿದಿದೆ. ಅಲ್ಲಿನ ಮಾಪಕಕ್ಕೆ ಬಿದ್ದ ನೀರು ಎಷ್ಟೆಂದು ತಿಳಿಯುವುದೇ ಹೊರತು, ಊರಿನ ಇನ್ನೊಂದು ತುದಿಯ ನಡುಮನೆಯಲ್ಲಿ ಅದು ಯಾರ ಮೊಣಕಾಲಿಗೆ ಬಂದಿತೆಂದು ತಿಳಿಯುವುದಿಲ್ಲ. ಆದರೂ ಗೃಹಸ್ಥರು ಲಕೋಟೆಯೊಂದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ತಮ್ಮ ಮೂವತ್ತು-ನಲವತ್ತರ ನಿವೇಶನದ ಮೇಲೆ, ಹಾಗಾದರೆ, ಸುಮಾರು ಇಪ್ಪತ್ತು ಸಾವಿರ ಲೀಟರು. ಹದಿನೈದು ಲೀಟರಿನ ಕೊಡದಲ್ಲಿ ಸಾವಿರದ ಮುನ್ನೂರಕ್ಕೂ ಮಿಗಿಲು. ಎತ್ತರದ ಬೀದಿಗಳಿಂದ ಹರಿದು ಬಂದದ್ದು ಈ ಲೆಕ್ಕದಲ್ಲಿಲ್ಲ.

ಲಕೋಟೆಯನ್ನು ಹಿಡಿದುಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದರು. ಆಕೆ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಆ ಮಳೆ ವಿಚಾರ. ನೀನು ಹೇಳಿದ ರಾತ್ರಿಯೇ ಸರಿ ಕಣೇ."

"ನನಗೆ ಗೊತ್ತಿರಲಿಲ್ವೇ?"

"ನಮ್ಮನೆ ಜಾಗದ ಮೇಲೇ ಸಾವಿರದ ಮುನ್ನೂರು ಕೊಡ ಬಿದ್ದಿದೆ."

ಆಕೆಯ ಕೈ ನಿಂತಿತು. "ಬಕೀಟಲ್ಲಿ ತೋಡಿ ತೋಡಿ ಹಾಕಿದೆ. ಎಣಿಸೋಕೆ ಹೋಗ್ಲಿಲ್ಲ."

ಗೃಹಸ್ಥರು ಲಕೋಟೆಯನ್ನು ಮಡಿಸಿದರು, ಬಿಚ್ಚಿದರು. "ಟ್ರಂಕಿನ ವಿಷಯವಾಗಿ ಅವತ್ತು ನಾನು ಹಾಗೆ ಅಂದದ್ದು ತಪ್ಪು."

ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋಗಿ, ಬೀರುವಿನಲ್ಲಿ ಸೀರೆಗಳ ಅಡಿಯಿಂದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಪುಸ್ತಕವೊಂದನ್ನು ತಂದುಕೊಟ್ಟರು.

"ಇದೊಂದನ್ನ ಹಾಳೆ ಹಾಳೆ ಬಿಡಿಸಿ ಒಣಗಿಸಿದ್ದೆ. ನೀವು ಕೇಳಲೇ ಇಲ್ಲ."

ಶಾಯಿಯಲ್ಲಿ ಬರೆದುದೆಲ್ಲ ನೀಲಿ ಕಲೆಯಾಗಿ ಹರಡಿಹೋಗಿತ್ತು. ಆದರೆ ಹಿರಿಯರು ಕೆಲವು ದಿನ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಆ ಸಾಲುಗಳು ಉಳಿದಿದ್ದವು. ಗೃಹಸ್ಥರು ಕಿಟಕಿಯ ಬೆಳಕಿಗೆ ಹಿಡಿದು, ಅಂಟಿಕೊಂಡ ಹಾಳೆಗಳನ್ನು ಮೆಲ್ಲಗೆ ಬಿಡಿಸುತ್ತ, ಅಕ್ಟೋಬರ್ ಒಂದನೆಯ ತಾರೀಖನ್ನು ಹುಡುಕಿದರು. ಸಿಕ್ಕಿತು. "ಬೆಳಿಗ್ಗೆ ಮೋಡ. ಮಳೆ ಇಲ್ಲ. ಸೌದೆ ಬಂತು," ಎಂದಿತ್ತು.