ಹಳೆಯ ಗೋಡೆಯ ಉಸಿರು

ಕೆಲವು ವರ್ಷಗಳ ಹಿಂದೆ ಬಂಧುಗಳ ಮದುವೆಗೆಂದು ಮೈಸೂರಿಗೆ ಹೋಗಿದ್ದಾಗ, ಚಾಮುಂಡಿ ಬೆಟ್ಟದ ಸಮೀಪದ ಲಲಿತಮಹಲನ್ನು ಸಾವಕಾಶವಾಗಿ ನೋಡುವ ಸಂದರ್ಭ ಒದಗಿತು. ವೈಸರಾಯರ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಆರಂಭಿಸಿದ ಈ ಸೌಧವನ್ನು ರೂಪಿಸಿದವರು ಇ. ಡಬ್ಲ್ಯು. ಫ್ರಿಚ್ಲಿ ಎಂಬ ವಾಸ್ತುಶಿಲ್ಪಿ. ಅದರ ಗುಮ್ಮಟವು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲನ್ನು ನೆನಪಿಗೆ ತರುತ್ತದೆ. 1974ರಲ್ಲಿ ಅರಮನೆಯು ಹೋಟೆಲಾಯಿತು, ನರ್ತನಶಾಲೆಯೇ ಭೋಜನಶಾಲೆಯಾಯಿತು.

ಜೊತೆಯಲ್ಲಿದ್ದ ಸೋದರಳಿಯ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಪಳಗಿದವನು. "ಮಾವ, ಇಂಥ ಕಟ್ಟಡಗಳನ್ನು ಉಳಿಸುವವರು ಮೊದಲು ಗೋಡೆಯ ಸ್ವಭಾವವನ್ನು ಅರಿಯಬೇಕು. ಸುಣ್ಣದ ಗಾರೆಗೆ ಉಸಿರಿದೆ. ಒಳಗಿನ ತೇವವನ್ನು ಅದು ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ಸಿಕ್ಕಿಬೀಳುತ್ತದೆ, ಲವಣ ಹರಳುಗಟ್ಟಿ ಇಟ್ಟಿಗೆಯೇ ಪುಡಿಯಾಗುತ್ತದೆ" ಎಂದನು.

ನಾನು ಮೌನ ವಹಿಸಿದೆ. ಏಕೆಂದರೆ ಆ ತಪ್ಪನ್ನು ಮಾಡಿದವನು ನಾನೇ. ಮಠದ ಪಾಠಶಾಲೆಯಲ್ಲಿ ಶಾಸ್ತ್ರಗಳನ್ನು ಕಲಿತ ನನಗೆ ಗೋಡೆಯ ಶಾಸ್ತ್ರ ತಿಳಿದಿರಲಿಲ್ಲ. ಊರಿನ ಮನೆಗೆ, ಬಹುಕಾಲ ಬಾಳಲೆಂದು, ಸುಣ್ಣದ ಗಾರೆಯನ್ನು ಕೆತ್ತಿಸಿ ಸಿಮೆಂಟು ಬಳಿಸಿದೆ. ಮೂರು ಮಳೆಗಾಲಗಳಲ್ಲಿ ಗೋಡೆ ಉಬ್ಬಿತು. ಗೋಡೆಯ ಗೂಡಿನಲ್ಲಿದ್ದ, ತಂದೆಯವರು ಕೈಯಾರೆ ಬರೆದಿಟ್ಟಿದ್ದ ಪುಸ್ತಕಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡವು. ಅವುಗಳಲ್ಲಿ ಎರಡನ್ನು ಇಂದಿಗೂ ಬಿಡಿಸಲಾಗಿಲ್ಲ.

ಹಾಗೆಂದು ಹಳೆಯದಕ್ಕೆ ಹೊಸದನ್ನು ಸೇರಿಸಬಾರದೆಂದಲ್ಲ. ಮುಂಬಯಿಯಲ್ಲಿ 1903ರ ತಾಜಮಹಲ್ ಹೋಟೆಲಿನ ಪಕ್ಕದಲ್ಲಿ 1973ರಲ್ಲಿ ಗೋಪುರ ಕಟ್ಟಡವೆದ್ದಿತು. ಅದರ ಅಂದವನ್ನು ಕುರಿತು ಭಿನ್ನಾಭಿಪ್ರಾಯಗಳು ಇರಬಹುದು. ಆದರೆ ಯಾವುದು ಹಳೆಯದು, ಯಾವುದು ಹೊಸದು ಎಂಬುದರಲ್ಲಿ ಸಂದೇಹವಿಲ್ಲ. 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಸೇರಿಸುವ ಭಾಗವು ತನ್ನ ಕಾಲದ ಗುರುತನ್ನು ಮರೆಮಾಚಬಾರದು, ಮೂಲದ ಅಂದಕ್ಕೂ ಕುಂದು ತರಬಾರದು.

ಈಗ ನನ್ನ ಮಗ ಆ ಮನೆಗೆ ಎರಡು ಕೋಣೆಗಳನ್ನು ಸೇರಿಸಲು ಬಯಸಿದ್ದಾನೆ. "ಹಿತ್ತಿಲಿನ ಕಡೆಗೆ ಕಟ್ಟು, ಪಡಸಾಲೆಯನ್ನು ಮುಟ್ಟಬೇಡ, ಮೊದಲು ನಾನು ಬಳಿಸಿದ ಸಿಮೆಂಟನ್ನು ತೆಗೆಸು" ಎಂದು ಹೇಳಿದ್ದೇನೆ. ಸುಣ್ಣ ಅರೆಯಬಲ್ಲ ವೃದ್ಧ ಗಾರೆಯವರೊಬ್ಬರು ಪಕ್ಕದ ಊರಿನಲ್ಲಿ ದೊರೆತಿದ್ದಾರೆ. ಅವರ ಬಳಿ ಕುಳಿತು, ಈ ವಯಸ್ಸಿನಲ್ಲಿ, ಹೊಸ ಪಾಠವನ್ನು ಆರಂಭಿಸಿದ್ದೇನೆ.